ಅಪ್ಪಾಜಿ ಓದದ ಕಲ್ಲು

ಒದ್ದೆ ಕಾಗದಕ್ಕೆ ಮಸಿ ತಾಗಿದಾಗ ಒಂದು ವಾಸನೆ ಏಳುತ್ತದೆ, ಹಸಿಮಣ್ಣೂ ಅಲ್ಲದ, ಸೀಮೆಎಣ್ಣೆಯೂ ಅಲ್ಲದ ವಾಸನೆ. ಮೊನ್ನೆ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ನೆನೆದ ಪೇಪರು ಮಡಿಸುವಾಗ ಅದು ಮೂಗಿಗೆ ಬಡಿದು, ಹತ್ತಬೇಕಾದ ಬಸ್ಸನ್ನೇ ಬಿಟ್ಟೆ. ಅದು ನಮ್ಮ ಅಪ್ಪಾಜಿಯ ವಾಸನೆ. ಶಿಕಾರಿಪುರದ ಕಾಲೇಜಿನಲ್ಲಿ ಚರಿತ್ರೆಯ ಪ್ರೊಫೆಸರಾಗಿದ್ದ ಅವರು, ರಜೆ ಬಂತೆಂದರೆ ಊರೂರು ತಿರುಗಿ ಶಾಸನದ ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಕ್ಷರಗಳ ಅಚ್ಚು ತೆಗೆಯುತ್ತಿದ್ದರು. ಬಕೆಟ್ಟು ಹೊರುವವಳು ನಾನು.

ಆದರೆ ಸೊರಬದ ಹತ್ತಿರ ನಮ್ಮ ಹಳ್ಳಿಮನೆಯ ಕುರಿಹಟ್ಟಿಯ ಪಕ್ಕದಲ್ಲೇ ಒಂದು ವೀರಗಲ್ಲಿತ್ತು. ಮನೆಯವರಿಗೆ ಅದು ಹಿರೇರ ದೇವರು. ದೀಪಾವಳಿಗೆ ಮನೆಯ ಹಿರಿತಲೆ ಅದಕ್ಕೆ ಎಣ್ಣೆ ಕುಂಕುಮ ಮೆತ್ತಬೇಕು, ತೊಳೆಯುವಂತಿಲ್ಲ. ತಲೆಮಾರುಗಳ ಜಿಡ್ಡು ಕರ್ರಗೆ ದಪ್ಪಗಟ್ಟಿ ಅಕ್ಷರಗಳೆಲ್ಲ ಒಳಗೇ ಕೂತಿದ್ದವು. ಅವನ್ನು ಓದಬೇಕೆಂದು ಅಪ್ಪಾಜಿಯ ಜೀವ ಹಾತೊರೆಯುತ್ತಿತ್ತು. ಅಜ್ಜಿ ಒಪ್ಪಬೇಕಲ್ಲ! “ಊರ ಕಲ್ಲೆಲ್ಲ ಉಜ್ಜಿ ಬಾ, ಬ್ಯಾಡ ಅಂದೋರ್ಯಾರು? ಹಿರೇರ ಮೈಗೆ ಮಾತ್ರ ನೀರು ಸೋಕಿಸಬ್ಯಾಡ. ನಾನು ಕಣ್ಮುಚ್ಚಿದ ಮ್ಯಾಲೆ ನಿನ್ನಿಷ್ಟ.”

ಆ ಮಾತೇ ಅಪ್ಪಾಜಿಯನ್ನು ಕಟ್ಟಿಹಾಕಿತು. ಕಲ್ಲು ಓದಬೇಕೆಂದರೆ ಹೆತ್ತವ್ವ ಸಾಯಬೇಕು. ಯಾವ ಮಗ ತಾನೇ ಅದಕ್ಕೆ ಕಾಯುತ್ತಾನೆ, ಹೇಳಿ? ಬಿಟ್ಟು ಹೋಗಲೂ ಆಗಲಿಲ್ಲ. ಮೈಸೂರಿನಿಂದ ದೊಡ್ಡ ಹುದ್ದೆಗೆ ಕರೆ ಬಂದಾಗ ಒಲ್ಲೆ ಅಂದುಬಿಟ್ಟರು. ಅಮ್ಮ ರೇಗಿದರು: “ಆ ಕಲ್ಲನ್ನೇ ಕಟ್ಕೋಬೇಕಿತ್ತು ನೀವು, ನನ್ನನ್ಯಾಕೆ ಕಟ್ಕಂಡ್ರೀ?” ಹಳ್ಳಿಗೆ ಹೋದರೆ ಅಪ್ಪಾಜಿ ಕಲ್ಲಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

ಅಜ್ಜಿ ತೀರಿಕೊಂಡು ವರ್ಷ ಕಳೆದ ಮೇಲಿನ ದೀಪಾವಳಿಗೆ ಅಪ್ಪಾಜಿ ಬ್ರಷ್ಷು, ಕಾಗದ ಚೀಲಕ್ಕೆ ತುಂಬಿಕೊಂಡೇ ಹೊರಟರು. ನಾನು ನೀರು ಸೇದಿಟ್ಟೆ. ಅಷ್ಟರಲ್ಲಿ ಅತ್ತೆ ಎಣ್ಣೆಯ ಬಟ್ಟಲು ತಂದು ಅವರ ಕೈಗಿತ್ತಳು. “ಅಣ್ಣಾ, ಇನ್ನು ನೀನೇ ಹಿರಿಯ. ಹಚ್ಚು.” ಮನೆಮಂದಿಯೆಲ್ಲ ಕೈಮುಗಿದು ನಿಂತಿದ್ದರು. ಅಪ್ಪಾಜಿ ಕಲ್ಲಿನ ಮೇಲೆ ಕೈಯಿಟ್ಟು ಜಿಡ್ಡನ್ನು ಸವರಿ ನೋಡಿ, ಕೊನೆಗೆ ಎಣ್ಣೆಯಲ್ಲಿ ಬೆರಳದ್ದಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಸಿಡುಕಿದೆ: “ಅಜ್ಜಿ ನಿನ್ನಿಷ್ಟ ಅಂದಿದ್ರಲ್ಲ ಅಪ್ಪಾಜಿ!”

“ಜಿಡ್ಡಿನ ತುಂಬ ಅವ್ವನ ಬೆರಳು ಮೂಡಿದಾವಮ್ಮ,” ಅಂದರು. “ಅದನ್ನ ಹೆಂಗೆ ತೊಳೀಲಿ?”

ಈಗ ಆ ಮನೆ ಬಿದ್ದುಹೋಗಿದೆ, ಕುರಿಗಳಿಲ್ಲ, ಅಪ್ಪಾಜಿಯೂ ಇಲ್ಲ. ಕಲ್ಲು ಮಾತ್ರ ಅಲ್ಲೇ ಇದೆ. ಹಬ್ಬಕ್ಕೆ ಎಣ್ಣೆಯ ಬಟ್ಟಲು ನನ್ನ ಕೈಗೆ ಬರುತ್ತದೆ. ಓದಿಯೇಬಿಡೋಣ ಅಂದುಕೊಂಡೇ ಪ್ರತಿ ಸಲ ಕಲ್ಲಿನ ಮುಂದೆ ಕೂರುತ್ತೇನೆ. ಜಿಡ್ಡಿನ ಮೇಲ್ಪದರದಲ್ಲಿ ಅಪ್ಪಾಜಿಯ ನಾಲ್ಕು ಬೆರಳು. ಪಕ್ಕದಲ್ಲಿ ನನ್ನವನ್ನೂ ಒತ್ತಿ ಎದ್ದು ಬರುತ್ತೇನೆ.