ನಿನಗಾಗಿ ತೆರೆದ ವಿಳಾಸ

ರಮಣಿ, ನಿನ್ನ ಇ-ಮೇಲ್ ಅಕೌಂಟ್ ಕೆಟ್ಟುಹೋಗಲಿಲ್ಲ. ಅದನ್ನು ಅಳಿಸಿದವಳು ನಾನು — ಗೊತ್ತಿದ್ದೂ ಗೊತ್ತಿದ್ದೂ, ಹಾಡುಹಗಲಲ್ಲಿ, ಚಿಂತಾಮಣಿಯ ಕಲೀಂ ಸಾಬರ ಅಂಗಡಿಯಲ್ಲಿ ಕೂತು. ಕಂಪ್ಯೂಟರ್ ಕೆಟ್ಟಿತ್ತು ಎಂದು ಬಸ್ ಸ್ಟ್ಯಾಂಡಿನಲ್ಲಿ ನಿನಗೆ ಹೇಳಿದೆನಲ್ಲ, ಅದು ಸುಳ್ಳು. ಅದರ ಹಿಂದೆ ಇನ್ನೂ ದೊಡ್ಡ ಸುಳ್ಳುಗಳಿವೆ. ನಿನ್ನೆದುರು ನಿಂತಾಗ ಬಾಯಿ ಕಟ್ಟಿಹೋದರೆ ಓದಿ ಹೇಳಲಿಕ್ಕೆಂದು ಇದನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ. ನಡುವೆ ಎದ್ದುಹೋಗಬೇಕೆನಿಸಿದರೆ ಹೋಗು.

ತೊಂಬತ್ತೆಂಟರ ಮಾತು. ಬಿ.ಕಾಂ. ಮುಗಿಸಿ ಕಲೀಂ ಸಾಬರ ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕಿದ್ದೆ. ಆ ವರ್ಷ ಅವರು ಒಳಕೋಣೆಯಲ್ಲಿ ಒಂದು ಕಂಪ್ಯೂಟರ್ ತಂದಿಟ್ಟರು. ಬೆಂಗಳೂರಿಗೆ ಫೋನ್ ಹಾಕಿ ಇಂಟರ್‌ನೆಟ್ ಹಿಡಿಯಬೇಕು. ಲೈನ್ ಸಿಕ್ಕರೆ ಅದು ಬೆಕ್ಕುಗಳು ಜಗಳವಾಡಿದ ಹಾಗೆ ಕಿರುಚಿ ಆಮೇಲೆ ಸುಮ್ಮನಾಗುತ್ತಿತ್ತು. ಯಾರಿಗೂ ಟೈಪ್ ಮಾಡಲು ಬರುತ್ತಿರಲಿಲ್ಲ. ಅಕೌಂಟ್ ತೆರೆಯುವವಳು ನಾನು, ಪಾಸ್‌ವರ್ಡ್ ಇಡುವವಳು ನಾನು, ಬಂದದ್ದನ್ನು ಓದಿ ಹೇಳುವವಳೂ ನಾನೇ. ರೇಷ್ಮೆ ವ್ಯಾಪಾರಿಗಳ ದರದ ಮಾತು, ಗಲ್ಫಿನಲ್ಲಿದ್ದ ಗಂಡಂದಿರ ಮುನಿಸು, ಎಲ್ಲ ನನ್ನ ಕಣ್ಣು ದಾಟಿಯೇ ಮನೆ ಸೇರಬೇಕು. ಅದರ ಜಂಬ ನನಗೆ ತಲೆಗೇರಿತ್ತು ಎಂದೇ ಇಟ್ಟುಕೋ.

ನಿನ್ನನ್ನು ಕುವೈತಿಗೆ ಮನೆಗೆಲಸಕ್ಕೆ ಕಳಿಸಿದ ಏಜೆಂಟ್ ಸೀನಪ್ಪ ನನ್ನ ತಾಯಿಯ ಒಡಹುಟ್ಟಿದ ತಮ್ಮ ಎಂದು ನಿನಗೆ ಗೊತ್ತಿತ್ತು. ನಾನು ಅವನನ್ನೇ ಮದುವೆಯಾಗುವವಳು ಎಂಬುದು ಗೊತ್ತಿರಲಿಲ್ಲ. ನಾನು ಲಂಗ ಉಡುವ ವಯಸ್ಸಿನಿಂದಲೂ ಮನೆಯಲ್ಲಿ ಅದೇ ಮಾತು — ಸೀನ ಮಾವನಿಗೆ ವನಜ. ನನಗೂ ಬೇರೊಬ್ಬನ ಯೋಚನೆ ಬಂದದ್ದಿಲ್ಲ. ಒಳ್ಳೆಯ ಮಾತುಗಾರ, ನಗಿಸುತ್ತಿದ್ದ, ಬೊಂಬಾಯಿಗೆ ಹೋದಾಗಲೆಲ್ಲ ನನಗೆ ಬಳೆ ತರುತ್ತಿದ್ದ. ಮಾಘದಲ್ಲಿ ಲಗ್ನ ಎಂದು ಹಿರಿಯರು ಮಾತಾಡಿ ಮುಗಿಸಿದ್ದರು.

ಹೊರಡುವ ಮುಂಚೆ ನೀನು ನಿಮ್ಮಮ್ಮನ ಜೊತೆ ದಿಬ್ಬೂರಹಳ್ಳಿಯಿಂದ ಬೂತಿಗೆ ಬಂದಿದ್ದೆ. ನಾನೇ ಮುಂದೆ ಬಿದ್ದು ನಿನ್ನ ಹೆಸರಿನಲ್ಲಿ ಒಂದು ಅಕೌಂಟ್ ತೆರೆದೆ, ವಿಳಾಸವನ್ನು ಚೀಟಿಯಲ್ಲಿ ಬರೆದು ನಿನ್ನ ಅಂಗೈಯಲ್ಲಿಟ್ಟು ಮಡಚಿದೆ. “ಅಲ್ಲಿ ಯಾರಾದ್ರೂ ಟೈಪ್ ಮಾಡೋರು ಸಿಕ್ತಾರೆ ಕಣಮ್ಮ. ಏನೇ ಆದ್ರೂ ಇದಕ್ಕೆ ಬರೆಸು. ನಾನಿರ್ತೀನಿ,” ಎಂದೆ. ನಿಮ್ಮಮ್ಮ ಗಂಗಮ್ಮ ನನ್ನ ಗಲ್ಲ ಮುಟ್ಟಿ ನೆಟಿಗೆ ಮುರಿದಳು. ಯಾರೂ ಕೇಳದಿದ್ದರೂ ನಾನೇ ಕೊಟ್ಟ ಮಾತು ಅದು — ಅದಕ್ಕೇ ಹೆಚ್ಚು ಸುಡುತ್ತದೆ.

ಮೊದಮೊದಲು ನಿನ್ನ ಮೇಲುಗಳು ಖುಷಿಯಾಗಿದ್ದವು. ಪಕ್ಕದ ಮನೆಯ ಡ್ರೈವರ್ ಹುಡುಗ, ಮದನಪಲ್ಲಿ ಕಡೆಯವನು, ನೀನು ಕಸ ಹಾಕಲು ಹೊರಗೆ ಬಂದಾಗ ಹೇಳಿದ್ದನ್ನು ನೆನಪಿಟ್ಟುಕೊಂಡು ತನ್ನ ಅಕೌಂಟಿನಿಂದ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದ — ಅರ್ಧ ತೆಲುಗು, ಅರ್ಧ ಕನ್ನಡ. ಮನೆ ತುಂಬ ತಣ್ಣಗಿದೆ, ಸ್ನಾನದ ಮನೆಯೇ ನಮ್ಮ ಮನೆಯಷ್ಟಿದೆ ಎಂದೆಲ್ಲ ಬರೆಸುತ್ತಿದ್ದೆ. ಸಂತೆಯ ದಿನ ಗಂಗಮ್ಮ ಬಂದು ಸ್ಟೂಲಿನ ಮೇಲೆ ಕೂತು, “ಏನಂತಮ್ಮಾ ನನ್ ಬಿಡ್ಡ? ಬಾಗವ್ಳಂತಾ?” ಎಂದು ತನ್ನ ತೆಲುಗು ಬೆರೆತ ಮಾತಿನಲ್ಲಿ ಮಗಳ ಕ್ಷೇಮ ಕೇಳುವಳು. ನಾನು ಇದ್ದದ್ದು ಇದ್ದಂತೆ ಓದುತ್ತಿದ್ದೆ. ಆಗಿನ್ನೂ ಓದಬಹುದಾದದ್ದೇ ಇರುತ್ತಿತ್ತು.

ಆಮೇಲೆ ನಿನ್ನ ಮಾತು ಗಿಡ್ಡವಾಗುತ್ತ ಬಂತು. ಪಾಸ್‌ಪೋರ್ಟ್ ಅವರೇ ಇಟ್ಟುಕೊಂಡಿದ್ದಾರೆ. ಹೊರಗಿಂದ ಬೀಗ ಹಾಕುತ್ತಾರೆ. ಇಸ್ತ್ರಿ ಪೆಟ್ಟಿಗೆ ಕೈಮೇಲೆ ಇಟ್ಟರು. ಒಂದು ಮೇಲಿನಲ್ಲಿ ಇಷ್ಟೇ ಇತ್ತು — “ನನಗಿಂತ ಮುಂಚೆ ಇಲ್ಲಿದ್ದೋಳ ಪೆಟ್ಟಿಗೆ ನನ್ನ ಮಂಚದ ಕೆಳಗೇ ಐತೆ. ಬಟ್ಟೆ, ಬಳೆ, ಎಲ್ಲ ಅಂಗೇ ಐತೆ. ಅವಳೆಲ್ಲಿ ಅಂದ್ರೆ ಯಾರೂ ಹೇಳಲ್ಲ. ಏಜೆಂಟರಿಗೆ ಹೇಳಿ ನನ್ನ ಕರೆಸ್ಕೊಳ್ಳಿ ಅಕ್ಕಾ.” ಅದನ್ನು ಎರಡು ಸಲ ಓದಿದೆ. ತನ್ನ ಊರಿಗೆ ವಾಪಸ್ ಹೋಗುವವಳು ಯಾರಾದರೂ ಬಟ್ಟೆ, ಬಳೆ ಬಿಟ್ಟು ಹೋಗುತ್ತಾಳೆಯೇ...

ಆ ಸಂತೆಗೆ ಬಂದ ನಿಮ್ಮಮ್ಮನಿಗೆ ನಾನು ಏನು ಓದಿದೆ ಗೊತ್ತೆ? ಮಾಲೀಕಳು ಹೊಸ ಬಟ್ಟೆ ಕೊಡಿಸಿದಳಂತೆ ಎಂದು ಓದಿದೆ. ಮಾವನನ್ನು ಒಂದು ಮಾತು ಕೇಳಿ ಆಮೇಲೆ ನಿಜ ಹೇಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಂಗಮ್ಮ ಸೆರಗಿನಲ್ಲಿ ಕಟ್ಟಿ ತಂದಿದ್ದ ಕಡಲೆಕಾಯಿಯನ್ನು ನನ್ನ ಮೇಜಿನ ಮೇಲೆ ಸುರಿದು ಹೋದಳು.

ಮಾವನಿಗೆ ಹೇಳಿದೆ. “ಅಯ್ಯೋ, ಹೊಸದ್ರಲ್ಲಿ ಎಲ್ಲಾರೂ ಹಿಂಗೇ ಅಳ್ತಾರೆ ಕಣೇ. ಆಮೇಲೆ ಸರಿಹೋಗ್ತಾರೆ. ಬೊಂಬಾಯಿ ಆಫೀಸಿಗೆ ಫೋನ್ ಮಾಡ್ತೀನಿ ಬಿಡು,” ಎಂದ. ಫೋನ್ ಮಾಡಿದನೋ ಇಲ್ಲವೋ ನಾನು ಕೇಳಲಿಲ್ಲ. ಮಾಡಿಲ್ಲ ಎಂದು ಗೊತ್ತಿತ್ತು. ನಮ್ಮ ಬೂತಿನಿಂದ ತಾನೇ ಅವನು ಬೊಂಬಾಯಿಗೆ ಮಾತಾಡುತ್ತಿದ್ದುದು.

ಇನ್ನೊಂದು ಮಾತು, ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ನನ್ನ ಮುಖ ಬಾಡಿದ್ದನ್ನು ನೋಡಿ ಕಲೀಂ ಸಾಬರು ತಾವಾಗಿಯೇ ಕೇಳಿದರು. “ಏನಮ್ಮಾ, ಆ ದಿಬ್ಬೂರಹಳ್ಳಿ ಹುಡುಗೀಗೆ ಏನಾದ್ರೂ ತೊಂದ್ರೆನಾ? ನಮ್ಮ ಭಾಮೈದ, ಅಲೀಪುರದೋನು, ಕುವೈತಲ್ಲೇ ಅವ್ನೆ. ಎಂಬಸಿಯೋರ್ದೂ ಪರಿಚಯ ಐತೆ ಅವ್ನಿಗೆ. ಒಂದು ಮಾತು ಹಾಕ್ಲಾ?” ಬಾಗಿಲು ಅಲ್ಲೇ ತೆರೆದಿತ್ತು, ರಮಣಿ. ಹೂಂ ಎಂದಿದ್ದರೆ ಸಾಕಿತ್ತು. ಆದರೆ ಎಂಬಸಿ ಎಂದರೆ ಪೊಲೀಸು, ಪೊಲೀಸು ಎಂದರೆ ಮಾವ — ಅಷ್ಟು ದೂರ ನನ್ನ ತಲೆ ಕ್ಷಣದಲ್ಲಿ ಓಡಿತು. “ಬೇಡಿ ಸಾಬರೇ, ಚೆನ್ನಾಗೇ ಇದಾಳೆ. ಅಮ್ಮನ ನೆನಪಂತೆ, ಅಷ್ಟೇ,” ಎಂದೆ. ಅವರು ನಂಬಿದರು. ನನ್ನನ್ನು ಮಗಳೆಂದುಕೊಂಡಿದ್ದ ಮನುಷ್ಯ, ನಂಬದೆ ಏನು ಮಾಡುತ್ತಾರೆ.

ಅದಾದ ಮೇಲೆ ಮಾವ ಒಂದು ಮಧ್ಯಾಹ್ನ ಬೂತಿಗೆ ಬಂದ. ಸಾಬರು ನಮಾಜಿಗೆ ಹೋಗಿದ್ದರು. ಒಳಕೋಣೆಗೆ ಬಂದು ನನ್ನ ಕುರ್ಚಿಯ ಹಿಂದೆ ನಿಂತು, ಮೆಲ್ಲಗೆ ಹೇಳಿದ. “ಇದು ದಿಬ್ಬೂರಹಳ್ಳೀಲಿ ಗೊತ್ತಾದ್ರೆ ನನ್ನ ಕತೆ ಮುಗೀತು ವನಜಾ. ಮದ್ವೆ ಮಾತು ಹಾಗಿರ್ಲಿ, ಊರಲ್ಲಿ ತಲೆ ಎತ್ತಂಗಿಲ್ಲ. ಆ ಅಡ್ರೆಸ್ಸು ಯಾಕಮ್ಮಾ ಬೇಕೀಗ? ತೆಗೆದ್ಹಾಕ್ಬಿಡು.” ಗದರಲಿಲ್ಲ, ಕೈ ಹಿಡಿಯಲಿಲ್ಲ. ಟೀ ತರುತ್ತೇನೆ ಎಂದು ಹೊರಗೆ ಹೋದ. ಹಾಗಾಗಿ ಅವನು ಬಲವಂತ ಮಾಡಿದ ಎಂದು ಹೇಳುವಂತೆಯೂ ಇಲ್ಲ.

ನಿನ್ನ ಅಕೌಂಟ್ ತೆರೆದೆ. ಒಂದು ಹೊಸ ಮೇಲ್ ಬಂದು ಕೂತಿತ್ತು, ಓದದೆ ಇದ್ದ ಮೇಲುಗಳ ಹಾಗೆ ದಪ್ಪ ಕಪ್ಪು ಅಕ್ಷರದಲ್ಲಿ. ನಾನು ಅದನ್ನು ಒತ್ತಲಿಲ್ಲ. ಓದಿದರೆ ಅಳಿಸಲಾಗುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಓದಲಿಲ್ಲ. ಅಕೌಂಟ್ ತೆಗೆದುಹಾಕುವ ಜಾಗ ಹುಡುಕಿದೆ. ನಿಜವಾಗಿಯೂ ಬೇಡವೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಬಂದದ್ದೆಲ್ಲ ಹೋಗುತ್ತದೆ, ಮತ್ತೆ ಸಿಗುವುದಿಲ್ಲ ಎಂದೂ ಎಚ್ಚರಿಸಿತು. ಆ ಯಂತ್ರಕ್ಕಿದ್ದಷ್ಟು ಹಿಂಜರಿಕೆ ನನಗಿರಲಿಲ್ಲ. ಮಾವ ಟೀ ತಂದ. “ಆಯ್ತಾ?” ಎಂದ. “ಆಯ್ತು,” ಎಂದೆ. ಟೀಯನ್ನೂ ಕುಡಿದೆ.

ಅಷ್ಟಕ್ಕೆ ನಿಲ್ಲಿಸಿದ್ದರೂ ಒಂದು ಪಾಪವಾಗುತ್ತಿತ್ತು. ಮುಂದಿನ ಸಂತೆಗೆ ನಿಮ್ಮಮ್ಮ ಬಂದಳು. ಆ ಅಕೌಂಟ್ ಹೋಯಿತಮ್ಮ ಎಂದಿದ್ದರೆ ಅವಳು ಗಾಬರಿಯಾಗಿ ಮಾವನ ಮನೆ ಬಾಗಿಲಿಗೆ ಹೋಗುತ್ತಿದ್ದಳು, ಊರ ಹಿರಿಯರ ಹತ್ತಿರ ಹೋಗುತ್ತಿದ್ದಳು. ಆದ್ದರಿಂದ ನಾನು ಖಾಲಿ ಪರದೆ ನೋಡುತ್ತ ನಿನ್ನ ಪತ್ರ ಓದಿದೆ. ಆಮೇಲೆ ಪ್ರತಿ ಸಂತೆಗೂ ಓದಿದೆ. ಎಲ್ಲವನ್ನೂ ನಾನೇ ಕಟ್ಟುತ್ತಿದ್ದೆ — ನೀನು ದಪ್ಪಗಾದೆ, ಅಡುಗೆ ಕಲಿತೆ, ಆ ಮನೆಯ ಮಗು ನಿನ್ನನ್ನು ಬಿಟ್ಟಿರುವುದಿಲ್ಲ. ಗಂಗಮ್ಮ ಕಣ್ಣರಳಿಸಿ ಕೇಳುವಳು. “ತಲೆಗೆ ಎಣ್ಣೆ ಇಟ್ಕೋ ಅಂತ ಬರಿ ತಲ್ಲೀ. ಅವ್ಳು ಇಡಲ್ಲ, ಸೋಮಾರಿ,” ಎಂದು ಉತ್ತರ ಹೇಳಿಸುವಳು. ನಾನು ಟಕಟಕ ಕುಟ್ಟುವೆ. ಅವಳು ಬಾಗಿಲು ದಾಟುವವರೆಗೆ ಕಾದು ಎಲ್ಲ ಅಳಿಸುವೆ. ಕೆಲವೊಮ್ಮೆ ಅವಳು ನಗುವುದನ್ನು ನೋಡಿ ನನಗೂ ಸಂತೋಷವಾಗುತ್ತಿತ್ತು. ಅದನ್ನು ಹೇಳಲು ಇವತ್ತಿಗೂ ನಾಚಿಕೆ.

ಮಾಘದಲ್ಲಿ ನನ್ನ ಮದುವೆಯಾಯಿತು. ಗಂಗಮ್ಮ ಬಂದು ಅಕ್ಷತೆ ಹಾಕಿದಳು. ಮದುವೆಯಾದ ಮೇಲೂ ನಾನು ಬೂತಿಗೆ ಹೋಗುವುದನ್ನು ಬಿಡಲಿಲ್ಲ; ನಾನಿಲ್ಲದ ದಿನ ಅವಳು ಬೇರೆ ಯಾರ ಕೈಯಲ್ಲಾದರೂ ಓದಿಸಿದರೆ ಎಂಬ ಭಯ. ಮರುವರ್ಷ ಮಳೆಗಾಲದ ಹೊತ್ತಿಗೆ ಜ್ವರದಲ್ಲಿ ಅವಳು ಹೋಗಿಬಿಟ್ಟಳು ಎಂದು ನಿಮ್ಮೂರಿನವರು ಯಾರೋ ಸಂತೆಯಲ್ಲಿ ಹೇಳಿದರು. ಕೇಳಿದ ತಕ್ಷಣ ನನಗೆ ಅನಿಸಿದ್ದು ದುಃಖವಲ್ಲ, ರಮಣಿ. ಇನ್ನು ಓದಬೇಕಾಗಿಲ್ಲ ಎಂದು ಎದೆ ಹಗುರಾಯಿತು. ಅಳು ಆಮೇಲೆ ಬಂತು.

ಆ ವರ್ಷದ ಕೊನೆಯಲ್ಲಿ ನೀನು ಎದುರಾದೆ. ಚಿಂತಾಮಣಿ ಬಸ್ ಸ್ಟ್ಯಾಂಡು, ಸೊಪ್ಪಿನವರು ಬುಟ್ಟಿ ಇಟ್ಟುಕೊಂಡು ಕೂರುವ ಜಾಗ. ನೀನು ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ. ಮೊದಲು ನನಗೆ ಗುರುತೇ ಸಿಗಲಿಲ್ಲ. ನೀನು ಓಡಿಬಂದೆ.

“ವನಜಕ್ಕಾ! ಬದುಕಿದೀರಾ?” ಎಂದೆ. “ಆ ಅಡ್ರೆಸ್ಸಲ್ಲಿ ಯಾರೂ ಇಲ್ಲ ಅಂತ ವಾಪಸ್ ಬಂತು ಅಂದ ಆ ಹುಡ್ಗ. ನಿಮಗೇನೋ ಆಗೋಯ್ತು ಅನ್ಕೊಂಡೆ. ಅವತ್ತೆಲ್ಲ ಅತ್ತೆ ಕಣಕ್ಕಾ.”

ಆ ಬೀಗದ ಹಿಂದೆ, ಆ ಪೆಟ್ಟಿಗೆ ಇದ್ದ ಕೋಣೆಯಲ್ಲಿ, ನೀನು ನನಗಾಗಿ ಅತ್ತಿದ್ದೆ. ಕಾಲಿಗೆ ಬೀಳಬೇಕಾದ ಹೊತ್ತು ಅದು. ನಾನು, “ಇಲ್ಲ ಕಣಮ್ಮ, ಕಂಪ್ಯೂಟರ್ ಕೆಟ್ಟೋಗಿತ್ತು,” ಎಂದೆ. ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ನೀನು ತಲೆ ಆಡಿಸಿದೆ. ಆಮೇಲೆ ಸೆರಗಿನಿಂದ ಆ ಕೈ ತೆಗೆದು ನನ್ನ ಕೈ ಹಿಡಿದೆ. ಎರಡು ಬೆರಳು ಮಡಚಿಕೊಂಡೇ ಇದ್ದವು, ಬಿಡಿಸಲು ಬರುತ್ತಿರಲಿಲ್ಲ.

“ಅಮ್ಮ ಸಾಯೋವರ್ಗೂ ನಾನು ಸುಖವಾಗಿದೀನಿ ಅಂತ್ಲೇ ಅನ್ಕೊಂಡಿತ್ತಂತೆ. ನೀವೇ ಅಂಗೆ ಓದ್ತಿದ್ರಂತೆ. ಅದು ನೊಂದ್ಕೋಬಾರ್ದು ಅಂತ ತಾನೇ ಅಕ್ಕಾ?”

“ಹೂಂ,” ಎಂದೆ.

ನಿನ್ನ ಬಸ್ಸು ಬಂತು, ನೀನು ಹತ್ತಿದೆ. ಆ ಮನೆಯಿಂದ ಹೇಗೆ ಬಿಡಿಸಿಕೊಂಡು ಬಂದೆ ಎಂದೂ ನಾನು ಕೇಳಲಿಲ್ಲ. ನಾನು ತಪ್ಪಿಸಿಕೊಂಡೆ ಎಂದುಕೊಂಡು ಮನೆಗೆ ಬಂದೆ. ಅಲ್ಲಿಂದ ಇಲ್ಲಿಯವರೆಗೆ ಸಂಸಾರ ಮಾಡಿದೆ, ಮಕ್ಕಳನ್ನು ಓದಿಸಿದೆ, ಹಬ್ಬ ಮಾಡಿದೆ. ಮಾವ ಆ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಆ ಹೊತ್ತಿಗೆ ಇನ್ನೆಷ್ಟು ಹೆಣ್ಣುಮಕ್ಕಳನ್ನು ಕಳಿಸಿದ್ದನೋ, ಅವರಲ್ಲಿ ಯಾರ ಪೆಟ್ಟಿಗೆ ಯಾರ ಮಂಚದ ಕೆಳಗೆ ಉಳಿಯಿತೋ — ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ದಿಬ್ಬೂರಹಳ್ಳಿಗೆ ಹೋಗಿ ಎಲ್ಲ ಹೇಳುತ್ತೇನೆ ಎಂದು ನಿನ್ನೆ ಅವನಿಗೆ ತಿಳಿಸಿದೆ. “ಈಗ್ಯಾಕೆ ಹಳೇದೆಲ್ಲ?” ಎಂದು ತಟ್ಟೆ ಬಿಟ್ಟು ಎದ್ದ. ನಾನು ತಡೆಯಲಿಲ್ಲ.

ನಾಳೆ ಬರುತ್ತೇನೆ. ಒಳಗೆ ಕರೆಯಬೇಡ. ಸುಳ್ಳನ್ನು ನಾಲ್ಕು ಜನರ ಎದುರು ಹೇಳಿದ್ದೆ, ಇದನ್ನೂ ನಿನ್ನ ಬೀದಿಯಲ್ಲಿ ನಿಂತು, ಅಕ್ಕಪಕ್ಕದವರು ಕೇಳುವಂತೆಯೇ ಹೇಳುತ್ತೇನೆ. ಪೊಲೀಸರ ಹತ್ತಿರ ಹೋಗೋಣ ಎಂದರೆ ನಿನ್ನ ಜೊತೆ ಬರುತ್ತೇನೆ. ನಾನು ತೆರೆಯದೆ ಬಿಟ್ಟ ಆ ಕೊನೆಯ ಮೇಲಿನಲ್ಲಿ ಏನು ಬರೆಸಿದ್ದೆ ಎಂದು ಕೇಳಬೇಕೆಂದಿದೆ. ಕೇಳುವ ಹಕ್ಕು ನನಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೀನು ಒಳ್ಳೆಯ ಮನಸ್ಸಿನಿಂದ ನನ್ನ ಕೈಗೆ ಒಂದು ನೆಪ ಕೊಟ್ಟೆ, ನಾನು ಅದನ್ನು ಇಸಿದುಕೊಂಡು ಇಷ್ಟು ವರ್ಷ ಬದುಕಿದೆ. ಅದನ್ನು ವಾಪಸ್ ತೆಗೆದುಕೋ. ನಿಮ್ಮಮ್ಮ ನೊಂದುಕೊಳ್ಳಬಾರದು ಎಂದು ನಾನು ಹಾಗೆ ಓದಲಿಲ್ಲ, ರಮಣಿ. ನನ್ನ ಮದುವೆ ನಿಲ್ಲಬಾರದು ಎಂದು ಓದಿದೆ.