ಡಿಕ್ಕಿಯೊಳಗಿನ ಆಂಪ್ಲಿಫೈಯರ್

ಮೊನ್ನೆ ಹೆಬ್ಬಗೋಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದರ ಮುಂದೆ ನಿಂತಿದ್ದೆ. ಫೋನು ಚಾರ್ಜ್ ಆಗುತ್ತಿರಲಿಲ್ಲ. ಅಂಗಡಿಯ ಹೆಂಗಸು ಸೋಲ್ಡರಿಂಗ್ ಐರನ್ ಮುಟ್ಟಿಸಿದ್ದೇ ತಡ, ರಾಳ ಸುಟ್ಟ ಹೊಗೆಯ ಎಳೆ ಎದ್ದು ನನ್ನ ಮೂಗಿಗೆ ಬಂತು. ಎಷ್ಟೋ ವರ್ಷ ನನ್ನ ಅಂಗಿ, ಕೂದಲು ಎಲ್ಲ ಇದೇ ವಾಸನೆ ಹೊಡೆಯುತ್ತಿದ್ದವು. ಈಗ ಆ ಕೆಲಸ ಬಿಟ್ಟು ಬಹಳ ಕಾಲವಾಯಿತು. ಆದರೂ ಆ ಹೊಗೆಯ ಜೊತೆಗೆ ಒಂದು ಕೆಂಪು ಕಾರು, ಅದರ ಡಿಕ್ಕಿಯೊಳಗೆ ತಲೆ ತೂರಿಸಿ ಟಾರ್ಚ್ ಹಿಡಿದು ನಿಂತ ಒಬ್ಬ ಹೆಂಗಸು ಕಣ್ಣ ಮುಂದೆ ಬಂದರು. ನಾನು ಅವರನ್ನು ಮೇಡಂ ಅಂತಲೇ ಕರೆದವನು, ಇಲ್ಲಿಯೂ ಹಾಗೇ ಕರೆಯುತ್ತೇನೆ.

ಮೇಡಂ ನಮ್ಮ ಓನರ್‌ನ ಹೆಂಡತಿ. ಪೀಣ್ಯದಲ್ಲಿ ಅವನದೊಂದು ಫ್ಯಾಕ್ಟರಿ ಇತ್ತು, ತಗಡು ಒತ್ತಿ ಬಿಡಿಭಾಗ ಮಾಡುವುದು. ನಾನು ಅಲ್ಲಿ ಪ್ರೆಸ್ ಮಿಷಿನ್ ಮೇಲೆ ಕೆಲಸ ಮಾಡುತ್ತಿದ್ದೆ. ಗದಗಿನ ಕಡೆಯಿಂದ ಬಂದು, ಮಾದನಾಯಕನಹಳ್ಳಿಯಲ್ಲಿ ಒಂದು ರೂಮು ಹಿಡಿದು, ಅವ್ವನನ್ನೂ ಕರೆಸಿಕೊಂಡಿದ್ದೆ. ಒಂದು ದಿನ ಮಿಷಿನ್ ನನ್ನ ಬಲಗೈಯ ಎರಡು ಬೆರಳು ತಿಂದಿತು. ಕೈ ಒಳಗೆ ಹೋಗದಂತೆ ಅದರ ಬಾಯಿಗೆ ಒಂದು ಕಬ್ಬಿಣದ ಜಾಲರಿ ಇರುತ್ತದೆ, ಗಾರ್ಡ್ ಅಂತಾರೆ. ಆ ವಾರ ಅದು ಇರಲಿಲ್ಲ. ಯಾರು ಬಿಚ್ಚಿದರು ಅಂತ ಕೇಳುವ ಹೊತ್ತಿಗೆ ನಾನು ಆಸ್ಪತ್ರೆಯಲ್ಲಿದ್ದೆ. ಅಷ್ಟರಲ್ಲಿ ಓನರ್ ಎಲ್ಲರಿಗೂ ಹೇಳಿ ಮುಗಿಸಿದ್ದ: "ಕುಡಿದು ಬಂದಿದ್ದ, ನಿದ್ದೆಗಣ್ಣಲ್ಲಿ ಕೈ ಇಟ್ಟ."

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಹೆಂಡದ ವಾಸನೆಯೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಬೆರಳು ಹೋಗಿದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಜೊತೆಗೆ ಕೆಲಸ ಮಾಡಿದವರೇ ಎದುರು ಸಿಕ್ಕರೆ ಮುಖ ತಿರುಗಿಸಿದರು. ಕೊನೆಗೆ ಅವ್ವನೂ ಒಂದು ದಿನ ಗಂಜಿ ಬಟ್ಟಲು ಕೆಳಗಿಟ್ಟು ಕೇಳಿದಳು: "ಖರೇ ಹೇಳಪಾ, ನೀ ಕುಡದಿದ್ದೇನು?"

ಅವತ್ತಿನಿಂದ ಓನರನ್ನು ಬಹುವಚನದಲ್ಲಿ ಕರೆಯುವುದನ್ನು ಬಿಟ್ಟೆ.

ಪೀಣ್ಯದ ಗಾಳಿಯೇ ಬೇಡವೆಂದು ಅವ್ವನನ್ನು ಕರೆದುಕೊಂಡು ಊರಿನ ಆ ತುದಿಯಿಂದ ಈ ತುದಿಗೆ, ಸಿಂಗಸಂದ್ರಕ್ಕೆ ಬಂದೆ. ಹೊಸೂರು ರಸ್ತೆಯ ಪಕ್ಕ ಒಬ್ಬರು ಕಾರುಗಳಿಗೆ ಸ್ಟೀರಿಯೋ ಕೂರಿಸುತ್ತಿದ್ದರು. ಅವರ ಹತ್ತಿರ ಕೆಲಸ ಕಲಿತೆ. ಎಡಗೈಗೆ ಐರನ್ ಹಿಡಿಯುವುದನ್ನು, ಉಳಿದ ಬೆರಳುಗಳಿಗೆ ತಂತಿ ಹಿಡಿಯುವುದನ್ನು ಅಭ್ಯಾಸ ಮಾಡಿಸಿದೆ. ಅವರು ಊರಿಗೆ ಹೋಗುವಾಗ ಶೆಡ್ಡನ್ನು ನನಗೇ ಬಿಟ್ಟರು. ಎಲೆಕ್ಟ್ರಾನಿಕ್ ಸಿಟಿಗೆ ಆಗ ತಾನೇ ಹೊಸ ಕಾರುಗಳು ಓಡಾಡಲು ಶುರುವಾಗಿದ್ದ ಕಾಲ. ಕ್ಯಾಸೆಟ್ ಪ್ಲೇಯರ್ ಕೂರಿಸಿಕೊಳ್ಳದವರೇ ಇರಲಿಲ್ಲ. ಬದುಕು ನಡೆಯುತ್ತಿತ್ತು. ಆದರೆ ದಿನಾ ಒಮ್ಮೆಯಾದರೂ ಆ ಓನರನ್ನು ಮನಸ್ಸಿನಲ್ಲೇ ಪ್ರೆಸ್ ಮಿಷಿನ್ ಮುಂದೆ ನಿಲ್ಲಿಸುತ್ತಿದ್ದೆ…

ಒಂದು ಮಧ್ಯಾಹ್ನ ಆ ಕೆಂಪು ಕಾರು ನನ್ನ ಶೆಡ್ಡಿನ ಮುಂದೆ ಬಂದು ನಿಂತಿತು. ಹೊರದೇಶದ ಗಾಡಿ. ಎರಡೇ ಬಾಗಿಲು, ನೆಲಕ್ಕೆ ಅಂಟಿದಷ್ಟು ತಗ್ಗು, ಸ್ವಿಚ್ ಒತ್ತಿದರೆ ಕಪ್ಪೆಯ ಹಾಗೆ ಕಣ್ಣೆತ್ತುವ ಹೆಡ್‌ಲೈಟು. ಬೆಂಗಳೂರಿನಲ್ಲಿ ಅಂಥದ್ದು ಇನ್ನೊಂದನ್ನು ನಾನು ನೋಡಿರಲಿಲ್ಲ. ಪ್ರತಿ ಆಯುಧಪೂಜೆಗೂ ಓನರ್ ಅದನ್ನು ಫ್ಯಾಕ್ಟರಿ ಅಂಗಳದ ಸಾಲಿನಲ್ಲಿ ಮೊದಲಿಗೆ ನಿಲ್ಲಿಸಿ, ಹಾರ ಹಾಕಿಸಿ, ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದ. ಅವನೇ ಬಂದ ಅಂದುಕೊಂಡು ನನ್ನ ಮೈ ಬಿಸಿಯಾಯಿತು. ಇಳಿದವರು ಮೇಡಂ. ಒಬ್ಬರೇ ಇದ್ದರು.

"ಸ್ಟೀರಿಯೋ ಬದಲಾಯಿಸ್ಬೇಕು," ಅಂದರು. ಆಮೇಲೆ ನನ್ನ ಕೈ ನೋಡಿ, ಮುಖ ನೋಡಿ, ಗುರುತು ಹಿಡಿದರು.

ಸಿಟ್ಟು ಬಂದರೆ ನನಗೆ ಊರ ಮಾತೇ ಬರುವುದು. "ಈ ಗಾಡಿ ನಾ ಮುಟ್ಟಂಗಿಲ್ಲ ರೀ. ಬ್ಯಾರೆ ಅಂಗಡಿ ನೋಡ್ಕೋರಿ," ಅಂದೆ.

ಅವರು ಹೋಗಲಿಲ್ಲ. ಕಾರಿಗೆ ಒರಗಿ ನಿಂತು ಮೆಲ್ಲಗೆ ಹೇಳಿದರು. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದಿದ್ದನಂತೆ. ಇವರನ್ನು ಹೊರಗೆ ಹಾಕಿದ್ದನಂತೆ. ಕಾರು ಇವರ ತಂದೆಯದು. ವಾಪಸು ತನ್ನ ದೇಶಕ್ಕೆ ಹೊರಟ ಒಬ್ಬ ವಿದೇಶಿಯಿಂದ ಕೊಂಡು ಮಗಳ ಹೆಸರಿಗೆ ಮಾಡಿಸಿದ್ದರು. ಆ ಮನೆಯಿಂದ ಹೊರಗೆ ತರಲು ಸಾಧ್ಯವಾದದ್ದು ಅದೊಂದೇ. ಅವರಪ್ಪ ಓಡಿಸುವಾಗ ಅದರೊಳಗೆ ಹಾಡು ಕೇಳುವುದೇ ಒಂದು ಸುಖವಾಗಿತ್ತಂತೆ. ಗಂಡ ದುಬಾರಿ ಸ್ಟೀರಿಯೋ ತಂದು ಹಳೆಯದನ್ನು ಕೀಳಿಸಿ ಹಾಕಿಸಿದ. ಅವತ್ತಿನಿಂದ ಬರೀ ಗೊರಗೊರ, ಕಿರ್ರ್ ಅನ್ನುವ ಸದ್ದು.

"ಮನೆ ತುಂಬ ನೆಂಟರಿದ್ರು. ಅವರೆಲ್ಲರ ಮುಂದೆ, ಮಾವ ನನಗೆ ಗುಜರಿ ಕಟ್ಟಿದ್ರು ಅಂದ. ಗಾಡೀನೂ ಗುಜರಿ, ಮಗಳೂ ಗುಜರಿ ಅಂತ. ನಮ್ಮಪ್ಪ ತಲೆ ತಗ್ಗಿಸಿ ಕೂತಿದ್ರು. ಆಮೇಲೆ ಹೆಚ್ಚು ದಿನ ಬದುಕಲಿಲ್ಲ."

 ಆಗ ಅವರು ಇನ್ನೊಂದು ಮಾತು ಹೇಳಿದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

"ಆ ಗಾರ್ಡ್ ಬಿಚ್ಚಿಸಿದ್ದು ಅವನೇ. ಕೆಲಸ ನಿಧಾನ ಆಗ್ತಿದೆ, ಕಿತ್ತು ಬಿಸಾಕ್ರೋ ಅಂದ. ನಾನು ಆಫೀಸಲ್ಲಿ ಅವನ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ."

ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನಾನು ಗೋಡೆಗೆ ಎಸೆದದ್ದು ನೆನಪಿದೆ. "ಗೊತ್ತಿದ್ದೂ ಬಾಯಿ ಮುಚ್ಕೊಂಡು ಕುಂತ್ರಿ? ನನ್ನ ಹಡೆದವ್ವ ನನ್ನ ಮ್ಯಾಲೆ ಸಂಶಯ ಪಟ್ಟಳು ರೀ!" ಅಂದೆ. ಅವರು ಅಳಲಿಲ್ಲ, ಸಮಜಾಯಿಷಿ ಕೊಡಲಿಲ್ಲ. "ಹೌದು, ಕೂತಿದ್ದೆ," ಅಂದರು. ಕಾರು ಹತ್ತಿ ಹೊರಟುಹೋದರು.

ಮರುದಿನ ಮತ್ತೆ ಬಂದರು. ಈ ಸಲ ನೇರವಾಗಿ ವಿಷಯಕ್ಕೆ ಬಂದರು. "ಆಯುಧಪೂಜೆ ದಿನ ಗಾಡಿ ತಗೊಂಡು ಫ್ಯಾಕ್ಟರಿಗೆ ಹೋಗ್ತೀನಿ. ಇದಕ್ಕೊಂದು ಮೈಕ್ ಹಾಕ್ಕೊಡಿ. ಅವತ್ತು ಹೇಳದೆ ಇದ್ದದ್ದನ್ನ ಎಲ್ಲರ ಮುಂದೆ ಹೇಳ್ತೀನಿ. ನೀವೂ ಬನ್ನಿ."

ಅವರ ಮೇಲಿನ ಸಿಟ್ಟು ಇಳಿದಿರಲಿಲ್ಲ. ಆದರೆ ಅವನ ಮೇಲಿನದು ಅದಕ್ಕಿಂತ ದೊಡ್ಡದಿತ್ತು. ಗಾಡಿ ಒಳಗೆ ತನ್ನಿ ಅಂದೆ.

ಡ್ಯಾಶ್‌ಬೋರ್ಡಿನಿಂದ ಸ್ಟೀರಿಯೋ ಎಳೆದು ನೋಡಿದೆ. ಮೊದಲು ಕೂರಿಸಿದವನು ಸ್ಪೀಕರ್ ತಂತಿ ಅಂದುಕೊಂಡು ಇದ್ದಬದ್ದದ್ದನ್ನೆಲ್ಲ ಹೆಣೆದುಬಿಟ್ಟಿದ್ದ. ಸ್ಪೀಕರ್‌ಗಳೇ ಹಾಳಾಗಿರಬೇಕು ಅಂದೆ. ಮೇಡಂ ಅಲ್ಲವೆಂದು ತಲೆಯಾಡಿಸಿದರು. ಡಿಕ್ಕಿ ತೆಗೆದು, ಪಕ್ಕದ ಹೊದಿಕೆಯನ್ನು ಉಗುರಿನಿಂದ ಎಬ್ಬಿಸಿ, ಟಾರ್ಚ್ ಬಿಟ್ಟರು. "ಅಪ್ಪ ಒಂದ್ಸಲ ತೋರಿಸಿದ್ರು. ಕಾರಿನ ಕಂಪನಿಯಿಂದ ಬರುವಾಗಲೇ ಇದು ಇತ್ತಂತೆ." ಧೂಳು ಹಿಡಿದ ಬೆಳ್ಳಿ ಬಣ್ಣದ ಒಂದು ಪೆಟ್ಟಿಗೆ… ಆಂಪ್ಲಿಫೈಯರ್. ಈ ಗಾಡಿಯಲ್ಲಿ ಮುಂದಿನ ಸ್ಟೀರಿಯೋ ಕೊಡಬೇಕಾದ್ದು ಸಣ್ಣ ಸದ್ದು ಮಾತ್ರ. ಅದನ್ನು ದೊಡ್ಡದು ಮಾಡಿ ಸ್ಪೀಕರ್‌ಗಳಿಗೆ ಕಳಿಸುವುದು ಹಿಂದಿರುವ ಈ ಪೆಟ್ಟಿಗೆ. ಓನರ್ ಹಾಕಿಸಿದ ಸ್ಟೀರಿಯೋ ಮೊದಲೇ ದೊಡ್ಡದು ಮಾಡಿದ ಸದ್ದನ್ನು ಇದರ ಬಾಯಿಗೆ ತುರುಕಿದ್ದರು. ಅದು ಕಿರುಚದೆ ಇನ್ನೇನು ಮಾಡೀತು?

ಹೊಸ ತಂತಿ ಎಳೆದೆ, ಸಣ್ಣ ಸದ್ದು ಹೋಗುವ ದಾರಿ ಮಾಡಿದೆ, ಆಂಪ್ಲಿಫೈಯರನ್ನು ಎಚ್ಚರಿಸುವ ತಂತಿಯನ್ನು ಹುಡುಕಿ ಸೇರಿಸಿದೆ. ಬೇರೆ ಸ್ಟೀರಿಯೋ ಕೂರಿಸಿ ಮೇಡಂ ಕೊಟ್ಟ ಕ್ಯಾಸೆಟ್ ಹಾಕಿದೆ. ನಾಗಸ್ವರ. ಆ ತಗ್ಗು ಗಾಡಿಯೊಳಗಿಂದ ಅದು ಎಷ್ಟು ಶುಭ್ರವಾಗಿ ಎದ್ದು ಬಂತೆಂದರೆ, ಪಕ್ಕದ ಟೀ ಅಂಗಡಿಯವರು ಎದ್ದು ನಿಂತು ಇಣುಕಿದರು. ಮೇಡಂ ಅಪ್ಪ ಕೂರುತ್ತಿದ್ದ ಸೀಟಿನ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಕಣ್ಣು ತೆರೆದವರೇ ಕೇಳಿದರು: "ಅವನು ಬಂದು ಸ್ಟೀರಿಯೋನೇ ಕಿತ್ತು ಹಾಕಿದ್ರೆ? ಅವನು ಮಾಡೋದು ಅದನ್ನೇ."

"ಕೀಳಲಿ ಬಿಡ್ರಿ," ಅಂದೆ. ಮೈಕಿನ ತಂತಿಯನ್ನು ಸ್ಟೀರಿಯೋಗೆ ಕೊಡಲೇ ಇಲ್ಲ. ಡಿಕ್ಕಿಯಲ್ಲಿ, ಹಾಡನ್ನೂ ಮಾತನ್ನೂ ಬೆರೆಸುವ ಪುಟ್ಟ ಮಿಕ್ಸರೊಂದನ್ನು ಇಟ್ಟು ನೇರವಾಗಿ ಆಂಪ್ಲಿಫೈಯರ್‌ಗೆ ಕೊಟ್ಟೆ. ಎರಡಕ್ಕೂ ಬ್ಯಾಟರಿಯಿಂದ ಬೇರೆ ಲೈನು, ಬೇರೆ ಸ್ವಿಚ್ಚು. ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಹಬ್ಬದ ದಿನ ಮೇಡಂ ರೇಷ್ಮೆ ಸೀರೆ ಉಟ್ಟು ಓಡಿಸಿದರು. ನಾನು ಪಕ್ಕದಲ್ಲಿದ್ದೆ. ಗೇಟಿನ ವಾಚ್‌ಮನ್ ಕೆಂಪು ಕಾರು ಕಂಡದ್ದೇ ಹಳೆಯ ರೂಢಿಯಂತೆ ಸಲಾಂ ಹೊಡೆದು ಗೇಟು ತೆಗೆದ. ಬಾಳೆಕಂದು, ಹಾರ, ಕುಂಕುಮ ಹಚ್ಚಿದ ಮಿಷಿನ್‌ಗಳು, ಹೊಸ ಬಟ್ಟೆ ತೊಟ್ಟ ಕೆಲಸಗಾರರು, ಅವರ ಹೆಂಡಿರು ಮಕ್ಕಳು. ಓನರ್ ಜರಿ ಪಂಚೆಯಲ್ಲಿ ಬೂದುಗುಂಬಳ ಹಿಡಿದು ನಿಂತಿದ್ದ. ಮೇಡಂ ಗಾಡಿಯನ್ನು ಸಾಲಿನ ಮೊದಲಿಗೆ ತಂದು ನಿಲ್ಲಿಸಿ ಎರಡೂ ಬಾಗಿಲು ತೆರೆದರು. ನಾಗಸ್ವರ ಅಂಗಳ ತುಂಬಿತು. ಎಲ್ಲರೂ ಈ ಕಡೆ ತಿರುಗಿದರು. ಆಮೇಲೆ ಮೈಕ್ ತೆಗೆದುಕೊಂಡರು.

"ಎಲ್ಲರಿಗೂ ಹಬ್ಬದ ನಮಸ್ಕಾರ. ನನ್ನ ಪಕ್ಕ ನಿಂತಿರೋರು ನಿಮಗೆಲ್ಲ ಗೊತ್ತು. ಬೆರಳು ಹೋದ ದಿನ ಇವರು ಕುಡಿದಿರಲಿಲ್ಲ…"

ಓನರ್ ಕುಂಬಳಕಾಯಿ ಹಿಡಿದೇ ಓಡಿ ಬಂದ. "ಯಾವನೋ ಇವಳನ್ನ ಒಳಗೆ ಬಿಟ್ಟಿದ್ದು? ಆಫ್ ಮಾಡ್ರೋ ಅದನ್ನ!" ಅಂತ ಕಿರುಚಿ, ಕಾಯಿ ಕೆಳಗೆ ಹಾಕಿ, ಕಾರಿನೊಳಗೆ ಬಗ್ಗಿ ಸ್ಟೀರಿಯೋವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ತಂತಿ ಸಮೇತ ಕಿತ್ತು ಬಂತು. ನಾಗಸ್ವರ ನಿಂತಿತು. ಗೆದ್ದೆ ಅನ್ನುವ ಹಾಗೆ ಅದನ್ನು ಎತ್ತಿ ಹಿಡಿದು ತಿರುಗಿದ.

"ಗಾರ್ಡ್ ಬಿಚ್ಚಿಸಿದ್ದು ಈ ನಿಮ್ಮ ಓನರೇ," ಅಂದರು ಮೇಡಂ. ದನಿ ಮೊದಲಿಗಿಂತ ಜೋರಾಗಿ ಬಂತು. "ನಾನೇ ಕಿವಿಯಾರೆ ಕೇಳಿದ್ದೀನಿ. ಕೇಳಿಯೂ ಸುಮ್ಮನಿದ್ದೆ, ಅದು ನನ್ನ ತಪ್ಪು."

ಅವನು ಕೈಯಲ್ಲಿದ್ದ ಸ್ಟೀರಿಯೋ ನೋಡಿದ. ಕಾರು ನೋಡಿದ. ಸದ್ದು ಎಲ್ಲಿಂದ ಬರುತ್ತಿದೆ ಅನ್ನುವುದೇ ಅವನಿಗೆ ಹೊಳೆಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಡಂ ಮೈಕ್ ಇಳಿಸದೆಯೇ ಅವನಿಗೆ ಹೇಳಿದರು: "ನಮ್ಮಪ್ಪನ ಗುಜರಿ ರೀ. ಕೇಳಿಸ್ತಿದೆಯಾ?"

ಆ ಮುಖ… ಬಣ್ಣ ಇಳಿದು, ಬಾಯಿ ತೆರೆದು, ಕಿತ್ತ ತಂತಿಗಳನ್ನು ಜೋತಾಡಿಸಿಕೊಂಡು ನಿಂತ ಆ ಮುಖ ನೆನೆದರೆ ನನಗೆ ಇವತ್ತಿಗೂ ಬೆಲ್ಲ ತಿಂದಷ್ಟು ಹಿತ. ಅದಕ್ಕಾಗಿ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ.

ಹಿರಿಯ ಆಪರೇಟರ್ ಒಬ್ಬರು ಮುಂದೆ ಬಂದು ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಓನರ್ ಕಡೆ ತಿರುಗಿ, "ಗಾರ್ಡ್ ಹಾಕ್ಸೋ ತನಕ ನಾವು ಮಿಷಿನ್ ಮುಟ್ಟಲ್ಲ ಸಾರ್," ಅಂದರು. ಉಳಿದವರು ಅವರ ಹಿಂದೆ ನಿಂತರು. ಅವನು ಪೊಲೀಸರಿಗೆ ದೂರು ಕೊಟ್ಟ. ನಮ್ಮಿಬ್ಬರನ್ನೂ ಠಾಣೆಯಲ್ಲಿ ಒಂದು ದಿನ ಕೂರಿಸಿ ಬುದ್ಧಿ ಹೇಳಿ ಕಳಿಸಿದರು. ಆದರೆ ಹಬ್ಬ ಕಳೆದ ಮೇಲೆ ಮಿಷಿನ್‌ಗಳಿಗೆಲ್ಲ ಗಾರ್ಡ್ ಬಂತು. ಸುದ್ದಿ ಅವ್ವನ ಕಿವಿಗೂ ಬಿತ್ತು.  ಅವತ್ತು ನನ್ನ ರೊಟ್ಟಿಯನ್ನು ತಾನೇ ಮುರಿದು, ತುತ್ತು ಮಾಡಿ ಬಾಯಿಗಿಟ್ಟಳು.

ಮೇಡಂ ಆಮೇಲೆ ಹೊಸೂರು ರಸ್ತೆಯಲ್ಲೇ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಹೋಗುವಾಗ ಬರುವಾಗ ಶೆಡ್ಡಿನ ಮುಂದೆ ಹಾರ್ನ್ ಹೊಡೆದು ಕೈ ಬೀಸುತ್ತಿದ್ದರು. ಅವರ ಆ ಮೌನವನ್ನು ನಾನು ಕ್ಷಮಿಸಿದೆನೋ ಇಲ್ಲವೋ… ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬರುಬರುತ್ತಾ ಗಾಡಿಗೆ ಬಿಡಿಭಾಗ ಸಿಗುವುದು ನಿಂತು, ಯಾರೋ ಹಳೇ ಕಾರಿನ ಹುಚ್ಚಿನವರಿಗೆ ಕೊಟ್ಟರು. ಹಾರ್ನ್ ಕೇಳುವುದೂ ನಿಂತಿತು. ಕೆಲವು ವರ್ಷದ ಹಿಂದೆ ಅವರ ತಂಗಿ ಫೋನ್ ಮಾಡಿ, ಅಕ್ಕ ಹೋಗಿಬಿಟ್ರು, ಕ್ಯಾನ್ಸರ್ ಇತ್ತು ಅಂದರು.

ಅವನು ಇನ್ನೂ ಇದ್ದಾನೆ. ಫ್ಯಾಕ್ಟರಿ ಮಾರಿ, ಆ ಇನ್ನೊಬ್ಬಳ ಮಕ್ಕಳ ಮನೆಯಲ್ಲಿ ಗಟ್ಟಿಯಾಗಿಯೇ ಇದ್ದಾನಂತೆ, ಬೆಳಿಗ್ಗೆ ವಾಕಿಂಗೂ ಹೋಗುತ್ತಾನಂತೆ. ಆಯುಧಪೂಜೆಯ ದಿನ ನನ್ನ ಸೇಡು ತೀರಿತು ಅಂತಲೇ ನಾನು ಅಂದುಕೊಂಡಿದ್ದೆ. ಮೇಡಂ ಹೋದ ಸುದ್ದಿ ಕೇಳಿದ ಮೇಲೆ ಅದು ಮತ್ತೆ ಎದ್ದು ಕೂತಿದೆ. ಅವರಿಬ್ಬರಲ್ಲಿ ಮೊದಲು ಹೋಗಬೇಕಾದವರು ಮೇಡಂ ಆಗಿರಲಿಲ್ಲ.