ಹೊಳಬಸಪ್ಪನ ಮೂಗು, ಬೀಗರ ನಾಲಿಗೆ

ಪುಣೆಯ ದಂಡಿನ ಪೇಟೆ ಲಷ್ಕರಿನಲ್ಲಿದ್ದ ಪಾರ್ಸಿಯೊಬ್ಬರ ವಿಲಾಯ್ತಿ ಮದ್ಯದ ಅಂಗಡಿಯಲ್ಲಿ ಹೊಳಬಸಪ್ಪ ಮೂವತ್ತು ವರ್ಷ ದುಡಿದ. ಒಂದು ಹನಿ ನಾಲಿಗೆಗೆ ಮುಟ್ಟಿಸಲಿಲ್ಲ. ಕೊರಳಲ್ಲಿ ಲಿಂಗ ಇತ್ತಲ್ಲ! ಅಂಗೈಗೆ ಎರಡು ಹನಿ ಸುರಿದು, ತಿಕ್ಕಿ, ಮೂಸಿ, ಯಾವ ಬಾಟಲಿಗೆ ನೀರು ಬಿದ್ದಿದೆ ಎಂದು ಹೇಳಿಬಿಡುತ್ತಿದ್ದ. ಗೋರಾ ಸಾಹೇಬರು ಆ ಮೂಗಿಗೆ ಸಲಾಮು ಹೊಡೆಯುತ್ತಿದ್ದರು. ಪುಣೆಯಲ್ಲಿದ್ದ ನಮ್ಮ ಧಾರವಾಡದ ಮಂದಿ ಮಾತ್ರ ಅವನ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಅವರಲ್ಲೇ ಅರ್ಧ ಜನ ‘ಔಷಧಕ್ಕೆ’ ಎಂದು ಅಂಗಡಿಯ ಹಿಂಬಾಗಿಲಿಗೆ ಬರುತ್ತಿದ್ದರು. ಥೂ, ಏನು ಮಂದಿಯಪ್ಪಾ ನಾವು!

ಮಗಳು ಕುಸುಮಳಿಗೆ ಗಂಡು ಹುಡುಕುವಾಗ ಅವನದು ಒಂದೇ ಹಟ. “ಕುಡಿಯೂ ಮನಿ ಬ್ಯಾಡ್ರಿ. ಕುಡುಕರ ಹೆಂಡ್ರು ಅಳಕೋತ ನಮ್ಮ ಅಂಗಡಿ ಮೆಟ್ಟಲಾ ಹತ್ತೂದು ಭಾಳ ನೋಡೇನಿ.”

ಅದಕ್ಕೇ ಅವನ ಗೆಳೆಯನಾದ ನಾನು ಬೆಳಗಾವಿಯ ಅರಿವೆ ವ್ಯಾಪಾರಿ ರಾಮಲಿಂಗಪ್ಪನವರ ಮಗನ ಸಂಬಂಧ ತಂದೆ. ರಾಮಲಿಂಗಪ್ಪನವರದು ಹಣೆ ತುಂಬ ವಿಭೂತಿ, ಊರೂರಲ್ಲಿ ಪಾನನಿಷೇಧದ ಭಾಷಣ. ಪುಣೆಗೆ ಬಂದವರೇ ನನ್ನೆದುರು ಮೂಗು ಮುರಿದರು.

“ಸೆರೆ ಮಾರಾವನ ಮಗಳು. ಅಪ್ಪ ಕುಡಿಯೂದಿಲ್ಲ ಅನ್ನೂದಕ್ಕ ಖಾತ್ರಿ ಏನದರೀ?”

ಕಣ್ಣಾರೆ ನೋಡಲಿ ಎಂದು ಅವರನ್ನು ಅಂಗಡಿಗೇ ಕರೆದೊಯ್ದೆ. ಯುದ್ಧದ ಕಾಲ. ಅಮೆರಿಕದ ಕ್ಯಾಪ್ಟನ್ನನೊಬ್ಬನಿಗಾಗಿ ರೈ ವಿಸ್ಕಿ ಬಂದಿತ್ತು. ಗೋದಿಯಂಥದೇ ಒಂದು ಧಾನ್ಯದ್ದು, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ್ದು. ಹೊಳಬಸಪ್ಪ ಪರೀಕ್ಷೆಗೆಂದು ಒಂದು ಬಾಟಲಿ ತೆರೆದು, ಎಂದಿನಂತೆ ಅಂಗೈಗೆ ಸುರಿದು ತಿಕ್ಕಿದ.

ರಾಮಲಿಂಗಪ್ಪನವರಿಗೆ ತಡೆಯಲಾಗಲಿಲ್ಲ.

“ಅಯ್ಯೋ, ಹಂಗ ತಿಕ್ಕಿ ಹಾಳ ಮಾಡಬ್ಯಾಡ್ರಿ! ಗ್ಲಾಸಿನ್ಯಾಗ ಹಾಕ್ರಿ. ಎರಡು ಹನಿ ನೀರು ಬಿಡ್ರಿ. ಈಗ ಸ್ವಲ್ಪ ತಡೀರಿ.”

ತಾವೇ ಎತ್ತಿ ಮೂಸಿದರು. ಒಂದು ಗುಟುಕು ಬಾಯಲ್ಲಿ ಹೊರಳಾಡಿಸಿ ಕಣ್ಣು ಮುಚ್ಚಿದರು. ಲಿಂಗಪೂಜೆಯಲ್ಲೂ ಅವರಿಗೆ ಅಷ್ಟು ಭಕ್ತಿ ಬಂದದ್ದನ್ನು ನಾನು ಕಂಡಿಲ್ಲ.

“ಮೊದಲ ಮೆಣಸು... ಆಮ್ಯಾಲ ಲವಂಗ... ಕಡೀಕ ಬೆಲ್ಲದ ಪಾಕ. ಹನ್ನೆರಡು ವರ್ಷಕ್ಕ ಕಡಿಮಿ ಇಲ್ಲ ಬಿಡ್ರಿ!”

ಹೊಳಬಸಪ್ಪ ಬಾಟಲಿ ತಿರುಗಿಸಿ ಚೀಟಿ ಓದಿದ. ಹನ್ನೆರಡೇ.

ಕಣ್ಣು ತೆರೆದಾಗ ರಾಮಲಿಂಗಪ್ಪನವರ ಮುಖ ಇಂಗು ತಿಂದ ಮಂಗನಂತಾಯಿತು. “ನಮಗ ಹುಡುಗಿ ಒಪ್ಪಿಗಿ ಅದರೀ,” ಎಂದು ಗಡಬಡಿಸಿದರು. “ವರದಕ್ಷಿಣೀನೂ ಬ್ಯಾಡ. ಈ ಮಾತೊಂದು ಇಲ್ಲೇ ಇರಲಿ.”

ನಾನೊಬ್ಬ ನಾಚಿಕೆಗೇಡಿ, ಗೆದ್ದೆವೆಂದು ಹಿಗ್ಗಿ ಹೊಳಬಸಪ್ಪನ ಪಕ್ಕೆ ತಿವಿದೆ. ಅವನು ಅಂಗೈ ತೊಳೆದು ಬಂದು ಕೈ ಮುಗಿದ.

“ಮಾತು ಇಲ್ಲೇ ಇರತದರೀ. ಮಗಳೂ ನಮ್ಮ ಮನ್ಯಾಗ ಇರತಾಳ.”